ಜಿಪ್ಸಿಯ ಎಂಜಿನ್ ಇಳಿಸುವ ಮುನ್ನ

ಕಬ್ಬಿನ ಬಿಲ್ಲು ಖಾತೆಗೆ ಬಿದ್ದ ವಾರ ಘಟಪ್ರಭೆಯ ಆಸುಪಾಸಿನ ಊರುಗಳಲ್ಲಿ ತಡೆದಿಟ್ಟ ಖರ್ಚುಗಳೆಲ್ಲ ಒಮ್ಮೆಗೇ ಬಾಗಿಲಿಗೆ ಬರುತ್ತವೆ. ಸೊಸೈಟಿ ಸಾಲ, ಗೊಬ್ಬರದಂಗಡಿಯ ಉದ್ರಿ, ಮಕ್ಕಳ ಫೀ. ಇವೆಲ್ಲ ತೀರಿ ಒಂದಿಷ್ಟು ಉಳಿಯಿತೆಂದರೆ ಘೋಡಗೇರಿ, ಹಿಡಕಲ್, ಸಂಕೇಶ್ವರದ ಕಡೆಯ ಕೆಲವು ಮನೆಗಳಲ್ಲಿ ಇನ್ನೊಂದು ಮಾತು ಹೊರಡುತ್ತದೆ: ‘ಶೆಡ್ಡಿನಾಗಿನ ಜಿಪ್ಸಿಗೆ ಬ್ಯಾರೆ ಎಂಜಿನ್ ಕೂಡಿಸೂಣೇನು?’

ಕೂಡಿಸಿ. ಆದರೆ ಗಾಡಿ ಮತ್ತೆ ರಸ್ತೆಗಿಳಿಯುವವರೆಗಿನ ಪೂರ್ತಿ ಹಣ ಕೈಗೆ ಬರುವ ತನಕ ಹಳೆಯ ಎಂಜಿನ್ನಿನ ಒಂದು ಬೋಲ್ಟನ್ನೂ ಬಿಚ್ಚಬೇಡಿ. ನಮ್ಮ ಭಾಗದ ಗ್ಯಾರೇಜುಗಳ ಹಿತ್ತಲಲ್ಲಿ ಬಾನೆಟ್ ಇಲ್ಲದೆ, ಮೂಗಿನ ಭಾಗ ಖಾಲಿಯಾಗಿ ನಿಂತ ಹಳೆಯ ಗಾಡಿಗಳನ್ನು ನೀವೂ ನೋಡಿರುತ್ತೀರಿ. ಅವುಗಳ ಕಥೆ ವಿಚಾರಿಸಿ ನೋಡಿ. ಎಂಜಿನ್ ಸಿಗದೆ ನಿಂತದ್ದು ಅಪರೂಪ, ಕೆಲಸ ಅರ್ಧಕ್ಕೆ ಬಂದಾಗ ಹಣ ಮುಗಿದು ನಿಂತವೇ ಹೆಚ್ಚು.

ಮಾರುತಿ ಜಿಪ್ಸಿಯ ಮೇಲೆ ನಮ್ಮವರಿಗೆ ಇಷ್ಟು ಪ್ರೀತಿ ಯಾಕೆ ಎಂದು ಬೇರೆ ಕಡೆಯವರು ಕೇಳುವುದುಂಟು. ಬೆಳಗಾವಿ ಸೈನ್ಯದ ಊರು. ಸೈನ್ಯ ವಿಲೇವಾರಿ ಮಾಡಿದ ಜಿಪ್ಸಿಗಳನ್ನು ಹರಾಜಿನ ದಾರಿಯಿಂದ ತಂದು ಓಡಿಸಿದವರು ಈ ಭಾಗದಲ್ಲಿ ಇದ್ದಾರೆ. ಕಪ್ಪು ಮಣ್ಣಿನ ಕಬ್ಬಿನ ಗದ್ದೆಯ ದಾರಿಗೆ ಹಗುರ ಮೈಯ, ನಾಲ್ಕೂ ಗಾಲಿಗೆ ಎಳೆತ ಕೊಡುವ ಗಾಡಿ ಬೇರೆ ಇರಲೂ ಇಲ್ಲ. ಅದಕ್ಕಿಂತ ದೊಡ್ಡ ಕಾರಣ ರ‍್ಯಾಲಿ. ಬೆಂಗಳೂರಿನ ಕೆ–1000 ಇರಲಿ, ಹಿಮಾಲಯದ ರ‍್ಯಾಲಿಗಳಿರಲಿ, ದೇಶದ ರ‍್ಯಾಲಿ ದಾರಿಗಳಲ್ಲಿ ದಶಕಗಳ ಕಾಲ ಧೂಳೆಬ್ಬಿಸಿದ ಗಾಡಿ ಇದೇ. 1985ರಲ್ಲಿ ಬಂದ ಮೊದಲ ಜಿಪ್ಸಿಗೆ ಇದ್ದದ್ದು 970 ಸಿಸಿ, 45 ಅಶ್ವಶಕ್ತಿಯ ಎಂಜಿನ್. 1996ರ ಹೊತ್ತಿಗೆ ‘ಕಿಂಗ್’ ಬಂತು, 1298 ಸಿಸಿ, 60 ಅಶ್ವಶಕ್ತಿ. 2000ದಲ್ಲಿ ಅದೇ ಅಳತೆಯ ಎಂಜಿನ್ನಿಗೆ ಹದಿನಾರು ವಾಲ್ವು, ಕಾರ್ಬ್ಯುರೇಟರಿನ ಬದಲು ಎಂಪಿಎಫ್‌ಐ ಇಂಜೆಕ್ಷನ್ ಸೇರಿ ಬಲ 80ಕ್ಕೆ ಏರಿತು. ಇಪ್ಪತ್ತೈದು ವರ್ಷಕ್ಕೂ ಹಳೆಯದಾದ ಕಾರ್ಬ್ಯುರೇಟರ್ ಗಾಡಿಯವನ ಕಣ್ಣು ಆ 80ರ ಮೇಲೆ ಬೀಳುವುದು ಸಹಜ.

ಗ್ಯಾರೇಜಿನಲ್ಲಿ ನಡೆಯುವ ಮೊದಲ ಮಾತುಕತೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ತರಹ. ‘ಮಾಮಾ, ಎಂಜಿನ್ ಎಷ್ಟಕ್ಕ ಸಿಗತೈತ್ರಿ?’ ಎಂದು ಹುಡುಗ ಕೇಳುತ್ತಾನೆ. ‘ಎಂಜಿನ್ ಬಿಡೋ ತಮ್ಮಾ, ಗಾಡಿ ಮನಿಗೆ ಒಯ್ಯಾಕ ಎಷ್ಟ್ ಬೇಕಂತ ಕೇಳು’ ಎನ್ನುವ ಮಿಸ್ತ್ರಿ ಸಿಕ್ಕರೆ ಅವನ ಪುಣ್ಯ. ಅಂಥ ಮಿಸ್ತ್ರಿಯನ್ನು ಬಿಡಬೇಡಿ.

ಎಂಜಿನ್ ಬದಲಿಸುವುದು ಎಂದರೆ ಏನೇನು ಬದಲಿಸುವುದು ಎಂಬುದನ್ನು ಕಾರು ಕಂಪನಿಗಳ ಕೆಲಸ ನೋಡಿಯೇ ಕಲಿಯಬಹುದು. ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಕಾಂಟೆಸ್ಸಾ ತಂದಾಗ ಅಷ್ಟು ದೊಡ್ಡ ಮೈಯೊಳಗೆ ಕೂಡಿಸಿದ್ದು ಅಂಬಾಸಿಡರ್‌ನ ಹಳೆಯ 1.5 ಲೀಟರ್ ಎಂಜಿನ್. ಗಾಡಿ ಏರು ಕಂಡರೆ ಏದುಸಿರು ಬಿಡುತ್ತಿತ್ತು. ಮುಂದೆ ಜಪಾನಿನ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ತಂದು ಕೂಡಿಸಿದರು, ಗಾಡಿಯ ಜಾತಕವೇ ಬದಲಾಯಿತು. ಆದರೆ ಎಂಜಿನ್ ಒಂದೇ ಬರಲಿಲ್ಲ, ಅದರ ಜೊತೆ ಐದು ಗೇರಿನ ಹೊಸ ಗೇರ್‌ಬಾಕ್ಸೂ ಬಂತು. ಮಾರುತಿಯೂ ಇದನ್ನೇ ಮಾಡಿತು. 1990ರ ಮಾರುತಿ 1000 ಕಾರಿನೊಳಗೆ ಇದ್ದದ್ದು ಜಿಪ್ಸಿಯಂತೆಯೇ 970 ಸಿಸಿ. ಹೆಚ್ಚುಕಡಿಮೆ ಅದೇ ಮೈಗೆ 1298 ಸಿಸಿ ಎಂಜಿನ್ ಕೂಡಿಸಿ 1994ರಲ್ಲಿ ಎಸ್ಟೀಮ್ ಎಂದು ಬಿಟ್ಟರು. ಕಾರ್ಖಾನೆಗೆ ನಕ್ಷೆ ಬಿಡಿಸುವ ಎಂಜಿನಿಯರುಗಳಿದ್ದಾರೆ, ಹೊಸ ಬ್ರಾಕೆಟ್ಟಿಗೆ ಅಚ್ಚು ಮಾಡುವ ಶಕ್ತಿ ಇದೆ. ನಮ್ಮ ಮಿಸ್ತ್ರಿಗೆ ಇರುವುದು ಗ್ಯಾಸ್ ಕಟರ್, ವೆಲ್ಡಿಂಗ್ ಸೆಟ್ಟು, ಪಕ್ಕದ ಬೀದಿಯ ಲೇಥು. ಕಾರ್ಖಾನೆ ಸಾವಿರಾರು ಗಾಡಿಗಳ ಮೇಲೆ ಹಂಚಿಕೊಂಡ ಖರ್ಚನ್ನು ನಿಮ್ಮ ಒಂದೇ ಗಾಡಿ ಹೊರಬೇಕಾಗುತ್ತದೆ.

ಎಸ್ಟೀಮ್ ಎಂಜಿನ್ನು ಜಿಪ್ಸಿಗೆ ‘ಹಂಗ ಕುಂದರತೈತಿ’ ಎನ್ನುವವರ ಮಾತನ್ನು ಇಲ್ಲಿಯೇ ತೂಗಿ ನೋಡಬೇಕು. ಮನೆತನ ಒಂದೇ, ನಿಜ. ಆದರೆ ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡ ಕೂರುತ್ತದೆ, ಮುಂದಿನ ಗಾಲಿ ತಿರುಗಿಸುತ್ತದೆ. ಜಿಪ್ಸಿಯಲ್ಲಿ ಅದು ಉದ್ದಕ್ಕೆ ಕೂರಬೇಕು, ಕೆಳಗೆ ಮುಂದಿನ ಆಕ್ಸಲ್ ಆಡಲು ಜಾಗ ಬಿಡಬೇಕು. ಆದ್ದರಿಂದ ಎಣ್ಣೆಯ ಸಂಪು, ಎಣ್ಣೆ ಎಳೆಯುವ ಪೈಪು, ಮೌಂಟಿಂಗ್ ಬ್ರಾಕೆಟ್ಟು ಜಿಪ್ಸಿಯವೇ ಬೇಕು. ಮೇಲಾಗಿ ಎಂಪಿಎಫ್‌ಐ ಎಂದರೆ ಇಸಿಎಂ ಎಂಬ ಎಂಜಿನ್ ಕಂಪ್ಯೂಟರು, ಪೂರ್ತಿ ವೈರಿಂಗ್, ಸೆನ್ಸರುಗಳು, ಟ್ಯಾಂಕಿನೊಳಗೆ ಒತ್ತಡದ ಪೆಟ್ರೋಲ್ ಪಂಪು, ಮರಳಿ ಬರುವ ಲೈನು. ಕಾರ್ಬ್ಯುರೇಟರ್ ಗಾಡಿಯಲ್ಲಿ ಇವು ಬಹುತೇಕ ಇರುವುದಿಲ್ಲ. ಎಂಜಿನ್ ಮಾತ್ರ ಕೊಂಡು ‘ವೈರಿಂಗ್ ಆಮ್ಯಾಲೆ ನೋಡಿದ್ರಾತು’ ಎಂದವರು ಬಿಡಿಬಿಡಿಯಾಗಿ ಹುಡುಕುವಾಗ ಸೋತಿದ್ದಾರೆ. ಕೊಳ್ಳುವುದಾದರೆ ವೈರಿಂಗ್ ಕತ್ತರಿಸದೆ, ಇಸಿಎಂ ಸಮೇತ, ಸಾಧ್ಯವಾದರೆ ಗೇರ್‌ಬಾಕ್ಸ್ ಸಮೇತ ಕೊಳ್ಳಬೇಕು.

ಈಗ ಹಣದ ಲೆಕ್ಕಕ್ಕೆ ಬರೋಣ. ಎಂಜಿನ್ನಿನ ರೇಟು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಅದಕ್ಕೆ ನಾನು ಎಂಜಿನ್ನಿನ ಬೆಲೆಯನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಅದರ ಮೇಲೆ ಕಟ್ಟುತ್ತೇನೆ. ತಂದುಹಾಕುವ ಬಾಡಿಗೆ ಹತ್ತು. ತಂದ ಎಂಜಿನ್ ಹಳೆಯದೇ ಆದ್ದರಿಂದ ಕೂಡಿಸುವ ಮುಂಚೆ ಬಿಚ್ಚಿ ರಿಂಗು, ಬೇರಿಂಗು, ಗ್ಯಾಸ್ಕೆಟ್ ಸೆಟ್ಟು, ಎಣ್ಣೆ ಸೀಲುಗಳು, ಟೈಮಿಂಗ್ ಬೆಲ್ಟು, ವಾಟರ್ ಪಂಪು ಹೊಸದು ಹಾಕಿ ವಾಲ್ವು ಗ್ರೈಂಡ್ ಮಾಡಿಸಲು ಅರವತ್ತು. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗಿಗೆ ಇಪ್ಪತ್ತು. ರೇಡಿಯೇಟರ್, ಹೋಸು, ಥರ್ಮೋಸ್ಟಾಟಿಗೆ ಇಪ್ಪತ್ತು. ಮೌಂಟಿಂಗು, ಸೈಲೆನ್ಸರ್ ಕೆಲಸಕ್ಕೆ ಹದಿನೈದು. ವೈರಿಂಗು, ಪೆಟ್ರೋಲ್ ಲೈನಿಗೆ ಮೂವತ್ತು. ಕೂಲಿ ನಲವತ್ತು. ಕಾಗದಪತ್ರಕ್ಕೆ ಹದಿನೈದು. ಕೂಡಿಸಿದರೆ 310. ಇದರ ಮೇಲೆ ಐದನೇ ಒಂದು ಭಾಗವನ್ನು, ಎಂದರೆ 62ನ್ನು, ಗೊತ್ತಿಲ್ಲದ ಖರ್ಚಿಗೆಂದು ಬೇರೆ ಇಡಬೇಕು. 372 ಆಯಿತು. ಎಂಜಿನ್ 60,000 ರೂಪಾಯಿಗೆ ಸಿಕ್ಕಿತು ಎಂದುಕೊಂಡರೂ ಕೆಲಸದ ಬೆಲೆ 2 ಲಕ್ಷ 23 ಸಾವಿರ. ನಿಮ್ಮ ಗಾಡಿಯ ಸ್ಥಿತಿ ನೋಡಿ ಒಂದೊಂದು ಅಂಕಿ ಹಿಗ್ಗೀತು, ಕುಗ್ಗೀತು. ಕಾರ್ಬ್ಯುರೇಟರ್ ಎಂಜಿನ್ನಿನ ಜಾಗಕ್ಕೆ ಅಂಥದ್ದೇ ಕೂಡಿಸಿದರೆ ವೈರಿಂಗಿನ ಮೂವತ್ತು ಬಹುತೇಕ ಉಳಿಯುತ್ತದೆ. ಆದರೆ ಎಂಜಿನ್ನಿನ ಬೆಲೆಯೊಂದನ್ನೇ ಹಿಡಿದು ಕೆಲಸಕ್ಕಿಳಿದವನ ಲೆಕ್ಕ ಮಾತ್ರ ಎಂದೂ ಕೂಡಿ ಬರುವುದಿಲ್ಲ.

ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಿಂದ ಶೇ 18ಕ್ಕೆ ಇಳಿದಿರುವುದು ಸ್ವಲ್ಪ ಸಮಾಧಾನದ ವಿಷಯ. ಪಕ್ಕಾ ಬಿಲ್ಲು ತೆಗೆದುಕೊಳ್ಳಲು ಹಿಂಜರಿಯಬೇಡಿ, ಆ ಬಿಲ್ಲು ಮುಂದೆ ಆರ್‌ಟಿಒ ಕಚೇರಿಯಲ್ಲಿ ಬೇಕಾಗುತ್ತದೆ.

ಇಡೀ ಲೆಕ್ಕದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಉಳಿಸುವ ಕೆಲಸ ಎಂದರೆ ಕಂಪ್ರೆಷನ್ ನೋಡುವುದು. ಮಾರುವವನ ಗಾಡಿಯಲ್ಲಿ ಎಂಜಿನ್ ಇನ್ನೂ ಕೂತಿರುವಾಗಲೇ ಹೋಗಿ. ಬಿಸಿಯಾಗುವವರೆಗೆ ಚಾಲೂ ಇಟ್ಟು, ಬಂದ್ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಇಗ್ನಿಷನ್ ತಂತಿ ತೆಗೆದಿಡಿ. ಒಂದು ಪ್ಲಗ್ಗಿನ ಜಾಗಕ್ಕೆ ಗೇಜ್ ತಿರುಗಿಸಿ, ಒಬ್ಬರು ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಲಿ. 1298 ಸಿಸಿಯ ಜಿ13 ಎಂಜಿನ್ನಿಗೆ ಮುಳ್ಳು ಚದರ ಸೆಂಟಿಮೀಟರಿಗೆ 14 ಕೆ.ಜಿ.ಯ ಹತ್ತಿರ ಹೋದರೆ ಒಳ್ಳೆಯ ಆರೋಗ್ಯ, 12ಕ್ಕಿಂತ ಕೆಳಗೆ ನಿಂತರೆ ಸವೆದಿದೆ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಒಂದು ಕೆ.ಜಿ.ಗಿಂತ ಹೆಚ್ಚು ಅಂತರ ಇರಬಾರದು. ಮುಳ್ಳು ಕೆಳಗೆ ನಿಂತ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಸೆಲ್ಫ್ ಹೊಡೆಯಿರಿ. ಮುಳ್ಳು ಮೇಲೆದ್ದರೆ ರಿಂಗು, ಬೋರು ಸವೆದಿವೆ. ಏಳದೇ ಹೋದರೆ ವಾಲ್ವಿನ ಕಡೆ ಸೋರುತ್ತಿದೆ. ಮೊದಲನೆಯದಕ್ಕೆ ಬ್ಲಾಕನ್ನು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕಾದೀತು, ಎರಡನೆಯದಕ್ಕೆ ಹೆಡ್ ಕೆಲಸ ಸಾಕು. ಎರಡರ ಖರ್ಚಿಗೂ ಅಜಗಜಾಂತರ. ಒಂದು ಚಮಚ ಎಣ್ಣೆ ಇಷ್ಟು ಹೇಳುತ್ತದೆ. ಕಂಪ್ರೆಷನ್ ನೋಡಲು ಬಿಡದ ಮಾರಾಟಗಾರನ ಹತ್ತಿರ ಎಂಜಿನ್ ಕೊಳ್ಳಲೇಬೇಡಿ.

ನೆಲದ ಮೇಲೆ ಉರುಳಿಸಿಟ್ಟ ಎಂಜಿನ್ ಆದರೆ ಇನ್ನೂ ಎಚ್ಚರ ಬೇಕು, ಅದರಲ್ಲೂ ನಮ್ಮ ನದಿಯ ಆಸುಪಾಸಿನಲ್ಲಿ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಿನೊಳಗೆ ನುಗ್ಗಿ, ಲೋಳಸೂರ ಸೇತುವೆ ಮುಳುಗಿದ್ದು ಯಾರಿಗೆ ನೆನಪಿಲ್ಲ? ಹೊಳೆ ನೀರಿನಲ್ಲಿ ನಿಂತ ಗಾಡಿಯನ್ನು ಗಡಿಬಿಡಿಯಲ್ಲಿ ಚಾಲೂ ಮಾಡಿದರೆ ಸಿಲಿಂಡರಿನೊಳಗೆ ಸೇರಿದ ನೀರು ಗಾಳಿಯಂತೆ ಒತ್ತಿಸಿಕೊಳ್ಳುವುದಿಲ್ಲ. ಪಿಸ್ಟನ್ ಮೇಲೆ ಬರಲಾರದೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಅಂಥ ಎಂಜಿನ್ ತೊಳೆದು, ಬಣ್ಣ ಬಳಿದು ಮಾರಾಟಕ್ಕೆ ಬಂದರೆ ಹೊರಗಿನಿಂದ ಗುರುತು ಹಿಡಿಯುವುದು ಕಷ್ಟ. ನೋಡುವ ಜಾಗಗಳು ಬೇರೆ ಇವೆ. ಆಲ್ಟರ್ನೇಟರಿನ ಜಾಲರಿಯೊಳಗೆ ಒಣಗಿದ ಮೆಕ್ಕಲು, ವೈರಿಂಗ್ ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು, ಡಿಪ್‌ಸ್ಟಿಕ್ ಕೊಳವೆಯ ಒಳಮೈಯಲ್ಲಿ ತುಕ್ಕು. ಎಣ್ಣೆಯ ಮುಚ್ಚಳದ ಕೆಳಗೆ ಹಾಲು ಬೆರೆತ ಚಹದ ಬಣ್ಣದ ನೊರೆ ಅಂಟಿದ್ದರೆ ಎಣ್ಣೆಗೆ ನೀರು ಕೂಡಿದೆ ಎಂದು ಅನುಮಾನಿಸಿ. ಒಂದೊಂದೇ ಪ್ಲಗ್ಗಿನ ತೂತಿನಲ್ಲಿ ತಂತಿ ಇಳಿಸಿ ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ನೋಡಿ. ನಾಲ್ಕೂ ಒಂದೇ ಎತ್ತರಕ್ಕೆ ಬರಬೇಕು, ರಾಡು ಬಾಗಿದ್ದು ತಗ್ಗಿನಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ನೋಡುವಾಗ ಕೆಲವರಿಗೆ ತಮ್ಮ ಹಳೆಯ ಎಂಜಿನ್ನೇ ವಾಸಿ ಎನಿಸಬಹುದು. ಹಾಗನ್ನಿಸಿದರೆ ನನಗೆ ಸಂತೋಷ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಷೀನ್ ಶಾಪುಗಳು ದೇಶದ ದೊಡ್ಡ ಕಂಪನಿಗಳಿಗೆ ಕೆಲಸ ಮಾಡಿಕೊಡುತ್ತವೆ. ಅತ್ತ ಕೊಲ್ಲಾಪುರದ ಶಿರೋಳಿಯಲ್ಲೂ ಅಂಥದ್ದೇ ಕಸುಬು ಬೆಳೆದಿದೆ. ಈ ಎರಡು ಊರುಗಳ ನಡುವೆ ಇರುವ ನಮಗೆ ಬೋರಿಂಗ್, ಹೋನಿಂಗ್, ಕ್ರ್ಯಾಂಕ್ ಗ್ರೈಂಡಿಂಗಿಗೆ ಒಳ್ಳೆಯ ಕೈ ಸಿಗುತ್ತದೆ. ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ಕಟ್ಟುವುದನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದವರ, ಜಾತ್ರೆಯಲ್ಲಿ ಟ್ರೇಲರ್ ಸಮೇತ ಟ್ರ್ಯಾಕ್ಟರ್ ಹಿಂದಕ್ಕೆ ಓಡಿಸುವ ಸ್ಪರ್ಧೆ ನಡೆಸುವ ಭಾಗ ಇದು. ನಿಮ್ಮದೇ ಎಂಜಿನ್ ಬೋರ್ ಮಾಡಿಸಿ 0.25 ಇಲ್ಲವೇ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಕೂಡಿಸಿದರೆ ಮೌಂಟಿಂಗ್ ತಕರಾರಿಲ್ಲ, ವೈರಿಂಗ್ ತಕರಾರಿಲ್ಲ, ಎಂಜಿನ್ ನಂಬರ್ ಬದಲಾಗುವುದಿಲ್ಲ. ಬ್ಲಾಕ್ ಒಡೆದಿದ್ದರೆ ಮಾತ್ರ ಬೇರೆ ಎಂಜಿನ್ ಅನಿವಾರ್ಯ.

ಪೆಟ್ರೋಲಿನ ವಿಷಯವನ್ನು ಬಜೆಟ್ಟಿನಲ್ಲಿ ಸೇರಿಸುವವರು ಇನ್ನೂ ಕಡಿಮೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಆ ಎಥೆನಾಲಿನಲ್ಲಿ ನಮ್ಮದೇ ಕಬ್ಬಿನ ಪಾಲೂ ಇದೆ, ರೈತನಾಗಿ ಅದು ಬೇಡ ಎನ್ನಲಾರೆ. ಆದರೆ ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಊದಿಸಿ ಬಿರುಕು ಬಿಡಿಸುತ್ತದೆ. ಇಪ್ಪತ್ತು ವರ್ಷದ ಹಿಂದಿನ ಗಾಡಿಯ ಹೋಸು, ಪಂಪಿನ ಡಯಾಫ್ರಾಮು, ಕಾರ್ಬ್ಯುರೇಟರಿನ ಸೀಲು ಇದಕ್ಕೆಂದು ಮಾಡಿದವಲ್ಲ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ನೀರು ಕೂತಿರುತ್ತದೆ. ಹೊಸ ಎಂಜಿನ್ ಕೂಡಿಸುವ ಮುನ್ನ ಟ್ಯಾಂಕ್ ಇಳಿಸಿ ತೊಳೆಸಿ, ಪೆಟ್ರೋಲ್ ಲೈನು ಪೂರ್ತಿ ಹೊಸದು ಹಾಕಿಸಿ. ಪೆಟ್ರೋಲ್ ಸೋರಿ ಬಿಸಿ ಸೈಲೆನ್ಸರಿನ ಮೇಲೆ ಬಿದ್ದರೆ ಎಂಜಿನ್ ಅಷ್ಟೇ ಹೋಗುವುದಿಲ್ಲ, ಗಾಡಿಯೇ ಸುಟ್ಟೀತು. ಈ ಒಂದು ಬಾಬತ್ತಿನಲ್ಲಿ ಉಳಿತಾಯದ ಮಾತು ಬೇಡ.

ಕಾನೂನನ್ನು ಕಡೆಗೆ ನೋಡಿದರಾಯಿತು ಎನ್ನುವವರಿಗೆ ಈ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಬರೆದ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಇವೆ. 970 ಸಿಸಿಯ ಜಿಪ್ಸಿಗೆ 1298 ಸಿಸಿ ಎಂಜಿನ್ ಕೂಡಿಸಿ ರಸ್ತೆಯಲ್ಲಿ ಓಡಿಸುವುದು ಈ ಕಲಮಿಗೆ ನೇರವಾಗಿ ಸಿಕ್ಕಿಬೀಳುವ ಕೆಲಸ. ವಿಮೆಯೂ ಅಷ್ಟೇ. ಸಾವಿರ ಸಿಸಿಯೊಳಗಿನ ಖಾಸಗಿ ಕಾರಿಗೆ 2022ರ ದರದಂತೆ ಥರ್ಡ್ ಪಾರ್ಟಿ ಪ್ರೀಮಿಯಂ 2,094 ರೂಪಾಯಿ, ಸಾವಿರದಿಂದ ಒಂದೂವರೆ ಸಾವಿರ ಸಿಸಿಗೆ 3,416. ಸಣ್ಣ ಎಂಜಿನ್ನಿನ ವಿಮೆ ಕಟ್ಟಿ ದೊಡ್ಡ ಎಂಜಿನ್ ಓಡಿಸುವಾಗ ಅಪಘಾತವಾದರೆ ಕಂಪನಿ ಎತ್ತುವ ಮೊದಲ ತಕರಾರು ಅದೇ. ಗಾಡಿಗೆ ಸಿಕ್ಕ ಪಾದಚಾರಿಯ ಮನೆಯವರು ಪರಿಹಾರಕ್ಕೆ ಅಲೆಯುವಂತಾದರೆ ಆ ಪಾಪ ಯಾರ ಹೆಗಲಿಗೆ?

ಕಿಂಗ್ ಇದ್ದವರಿಗೆ ದಾರಿ ಸುಲಭ. ಅದೇ ಕಂಪನಿಯ, ಅದೇ ಮಾದರಿಯ, ಅದೇ ಇಂಧನದ 1298 ಸಿಸಿ ಎಂಜಿನ್ ಕೂಡಿಸಲು ಆರ್‌ಟಿಒಗೆ ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬಹುದು. ಹದಿನಾರು ವಾಲ್ವಿನ ಎಂಜಿನ್ ಹಾಕುವುದಾದರೆ ಅದು ‘ಅದೇ ಮಾದರಿ’ ಎನಿಸುತ್ತದೆಯೇ ಎಂದು ಎಂಜಿನ್ ಕೊಳ್ಳುವ ಮುಂಚೆ ಲಿಖಿತವಾಗಿ ಕೇಳಿಕೊಳ್ಳಿ, ಬಾಯಿಮಾತು ಸಾಲದು. ಗಾಡಿಯ ನೋಂದಣಿ ಕೆಎ–23 ಇರಲಿ, ಕೆಎ–49 ಇರಲಿ, ಮೋಟಾರು ವಾಹನ ನಿರೀಕ್ಷಕರು ಹೊಸ ಎಂಜಿನ್ನಿನ ನಂಬರ್ ಕಣ್ಣಾರೆ ನೋಡಿ ಆರ್‌ಸಿಯಲ್ಲಿ ಬರೆಸಬೇಕು. ಅದಕ್ಕೆ ಎಂಜಿನ್ ಎಲ್ಲಿಂದ ಬಂತು ಎಂಬ ದಾಖಲೆ ಬೇಕೇ ಬೇಕು. ನಂಬರ್ ಉಜ್ಜಿದ, ಮತ್ತೆ ಹೊಡೆದ ಎಂಜಿನ್ ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡಿ. ಕಳವಿನ ಮಾಲೆಂದು ಗೊತ್ತಿದ್ದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಅಪರಾಧ.

ಗಾಡಿಯ ವಯಸ್ಸಿನ ಖರ್ಚೂ ಇದೆ. ಹದಿನೈದು ವರ್ಷ ತುಂಬಿದ ಕಾರಿನ ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲಿನಿಂದ 5,000 ರೂಪಾಯಿ, ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಿಂದ 10,000. ಇದರ ಮೇಲೆ ಹಸಿರು ತೆರಿಗೆ. ಎಂಜಿನ್ ಕೆಲಸ ಮುಗಿದ ಮೂರೇ ತಿಂಗಳಿಗೆ ನವೀಕರಣ ಬಂದರೆ ಈ ಹಣ ಎಲ್ಲಿಂದ ಎಂದು ಮೊದಲೇ ನೋಡಿಕೊಳ್ಳಬೇಕು. ಫಿಟ್ನೆಸ್ ತಪಾಸಣೆಯಲ್ಲಿ ಬ್ರೇಕು, ಚಾಸಿಸ್ಸಿನ ತುಕ್ಕು, ಹೊಗೆ ಎಲ್ಲವೂ ಬರುತ್ತವೆ. ಅದಕ್ಕೆ ನನ್ನ ಸಲಹೆ, ಎಂಜಿನ್ನಿಗೆ ಒಂದು ರೂಪಾಯಿ ಹಾಕುವ ಮೊದಲು ಗಾಡಿಯನ್ನು ರ‍್ಯಾಂಪಿನ ಮೇಲೆ ಹತ್ತಿಸಿ ಚಾಸಿಸ್ಸನ್ನು ಸುತ್ತಿಗೆಯಿಂದ ತಟ್ಟಿಸಿ ನೋಡಿ. ಟಣ್ ಎನ್ನಬೇಕಾದಲ್ಲಿ ದಪ್ ಎಂದರೆ ಒಳಗೆ ತುಕ್ಕು ತಿಂದಿದೆ. ಅಂಥ ಚಾಸಿಸ್ಸಿಗೆ ಒಳ್ಳೆಯ ಎಂಜಿನ್ ಹಾಕುವುದು ನಷ್ಟ.

ಇನ್ನು ಹಣ ಬರುವ ರೀತಿ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲೂ ರಾತ್ರಿ ಕೂತು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿದರು, ಕಡೆಗೆ 3,300ಕ್ಕೆ ಒಪ್ಪಂದವಾಯಿತು. ಕಬ್ಬು ಸಾಗಿಸಿದ ಹದಿನಾಲ್ಕು ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಿಲ್ಲು ತಡವಾಗಿ, ಕಂತಿನಲ್ಲಿ ಬಂದದ್ದನ್ನು ಕಂಡವರೇ ನಾವೆಲ್ಲ. ಬರಬೇಕಾದ ಕಂತನ್ನು ನಂಬಿ ಎಂಜಿನ್ ಬಿಚ್ಚಿಸಿದರೆ ಬ್ಲಾಕು ಲೇಥಿನವನಲ್ಲಿ, ಹೆಡ್ಡು ಗ್ಯಾರೇಜಿನಲ್ಲಿ, ಬೋಲ್ಟುಗಳು ಡಬ್ಬಿಯಲ್ಲಿ ಉಳಿದು ಮಳೆಗಾಲ ಬರುತ್ತದೆ. ಗಾಡಿ ನಿಂತಲ್ಲೇ ವಿಮೆಯ ದಿನಗಳು ಕಳೆಯುತ್ತವೆ, ಬಿಚ್ಚಿದ ಬೋರಿನ ಮೇಲೆ ತುಕ್ಕು ಏರುತ್ತದೆ, ಮಿಸ್ತ್ರಿ ಬೇರೆ ಕೆಲಸಕ್ಕೆ ಹೋಗುತ್ತಾನೆ. ನನ್ನ ಮಟ್ಟಿಗೆ ಒಳ್ಳೆಯ ಕ್ರಮ ಹೀಗಿದೆ. ಈ ಹಂಗಾಮಿನ ಹಣದಲ್ಲಿ ಬ್ರೇಕು, ಟ್ಯಾಂಕು, ಪೆಟ್ರೋಲ್ ಲೈನು, ರೇಡಿಯೇಟರ್ ಮುಗಿಸಿ. ಇವು ಹಳೆಯ ಎಂಜಿನ್ ಕೂತಿರುವಾಗಲೇ ಆಗುವ ಕೆಲಸಗಳು, ಗಾಡಿ ಓಡುತ್ತಲೇ ಇರುತ್ತದೆ. ಮುಂದಿನ ಹಂಗಾಮಿನ ಬಿಲ್ಲು ಪೂರ್ತಿ ಬಂದ ಮೇಲೆ, ಮಾರ್ಚಿನಿಂದ ಮೇ ನಡುವೆ, ಎಂಜಿನ್ ಇಳಿಸಿ.

ಚಾಲೂ ಆದ ಮೇಲೂ ಖರ್ಚು ಮುಗಿದಿರುವುದಿಲ್ಲ. ಹೊಸ ರಿಂಗು ಬೋರಿಗೆ ಕೂರುವವರೆಗೆ, ಮೊದಲ ಸಾವಿರ ಕಿಲೋಮೀಟರಿನಷ್ಟು, ಗಾಡಿಯನ್ನು ಎಳೆಯದೆ ನಿಧಾನ ಓಡಿಸಿ, ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಹೆಡ್ಡಿನ ಸುತ್ತ ಸೋರಿಕೆ ನೋಡಿ, ಮೌಂಟಿಂಗ್ ಬೋಲ್ಟು ಮತ್ತೊಮ್ಮೆ ಬಿಗಿ ಮಾಡಿಸಬೇಕು. ಬೇರೆ ತೆಗೆದಿಟ್ಟ ಆ 62ರಲ್ಲಿ ಒಂದು ಭಾಗ ಇಲ್ಲಿಗೆ ಬೇಕಾಗುತ್ತದೆ. ಹಳೆಯ ಎಂಜಿನ್ನನ್ನು ಗುಜರಿಯವನಿಗೆ ತಕ್ಷಣ ಕೊಟ್ಟುಬಿಡಬೇಡಿ. ಹೊಸ ನಂಬರ್ ಆರ್‌ಸಿಯಲ್ಲಿ, ಆಮೇಲೆ ವಿಮೆಯ ಪಾಲಿಸಿಯಲ್ಲಿ ಏರಿದ್ದನ್ನು ನೋಡಿಕೊಳ್ಳಿ. ಮಾರುವಾಗ ಅದಕ್ಕೂ ಒಂದು ರಸೀದಿ ಬರೆಸಿ ಇಟ್ಟುಕೊಳ್ಳಿ.